ಎಳೆಯ ಮಕ್ಕಳೂ ಬೆಳಕಿನ ಹಲಗೆಯೂ



ಹಳ್ಳಿಯ ಸಭೆಗಳನ್ನು ಸಂದರ್ಶಿಸುವಾಗ ಈಚೆಗೆ ನಮಗೆ ಪದೇ ಪದೇ ಕೇಳಲ್ಪಡುವ ಪ್ರಶ್ನೆ ಒಂದುಂಟು. ಶಾಲೆಗೆ ಹೋಗುವ ವಯಸ್ಸು ಇನ್ನೂ ಬಾರದ ಮೂರು, ನಾಲ್ಕು, ಐದು ವರುಷದ ಕೂಸುಗಳ ಕೈಗೆ ಟ್ಯಾಬ್ ಎಂಬ ಬೆಳಕಿನ ಹಲಗೆಯನ್ನು ಕೊಟ್ಟು, ಅದರೊಳಗಣ ಆಟಗಳ ಮೂಲಕ ಅವರಿಗೆ ಅಕ್ಷರಗಳನ್ನೂ ಅಂಕಿಗಳನ್ನೂ ಕಲಿಸಬಹುದೋ, ಕಲಿಸಬಾರದೋ? ಮೇಲ್ನೋಟಕ್ಕೆ ಇದು ಒಂದು ಸಾಮಾನನ್ನು ಕೊಳ್ಳುವ ಬಿಡುವ ಮಾತಾಗಿ ಕಾಣುವದು. ಆದರೆ ಸ್ವಲ್ಪ ಆಳವಾಗಿ ಯೋಚಿಸುವದಾದರೆ, ದೇವರು ನಮ್ಮ ವಶಕ್ಕೆ ಒಪ್ಪಿಸಿದ ಮಗುವಿಗೆ ನಾವು ಏನನ್ನು ಸಲ್ಲಿಸತಕ್ಕವರಾಗಿದ್ದೇವೆ, ಅದರಲ್ಲಿ ಯಾವ ಪಾಲನ್ನು ಬೇರೆ ಕೈಗಳಿಂದ ಸಲ್ಲಿಸಬಹುದು, ಯಾವ ಪಾಲನ್ನು ನಾವೇ ಸಲ್ಲಿಸಬೇಕು ಎಂಬದೇ ಈ ಪ್ರಶ್ನೆಯ ತಿರುಳಾಗಿದೆ ಎಂದು ತಿಳಿಯುವದು.

ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಸತ್ತೂರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹಿಂದೆ ಹೊಲಗಳ ನಡುವಣ ಹಳ್ಳಿಯಾಗಿದ್ದ ಆ ಊರು ಈಗ ಮಹಾನಗರ ಪಾಲಿಕೆಯೊಳಗೆ ಸೇರಿದೆ. ದೊಡ್ಡ ಆಸ್ಪತ್ರೆಯೂ ವೈದ್ಯ ವಿದ್ಯಾಲಯವೂ ಅಲ್ಲಿ ಎದ್ದಿವೆ. ಚಿಗರಿ ಬಸ್ಸುಗಳು ದಿನವೆಲ್ಲಾ ಓಡಾಡುತ್ತವೆ. ಆದರೂ ಅಲ್ಲಿಯ ಓಣಿಗಳಲ್ಲಿ ಹಳ್ಳಿಯ ಬಾಳು ಇನ್ನೂ ಅಳಿದಿಲ್ಲ. ಅಂಥ ಒಂದು ಓಣಿಯ ಮನೆಯಲ್ಲಿ ನಾವು ಕಂಡ ಸಂಗತಿಯನ್ನು, ಅದರಲ್ಲಿ ನಮ್ಮ ತಪ್ಪೂ ಕೂಡಿರುವದರಿಂದ, ಮರೆಮಾಡದೆ ಇಲ್ಲಿ ಬರೆಯುತ್ತೇವೆ.

ಆ ಮನೆಯ ತಂದೆ ಗಾರೆಕೆಲಸಕ್ಕೂ ತಾಯಿ ಪರರ ಮನೆಗಳ ಪಾತ್ರೆ ತೊಳೆಯುವದಕ್ಕೂ ಹೊತ್ತು ಮೂಡುವಾಗಲೇ ಹೊರಡುವರು. ನಾಲ್ಕು ವರುಷದ ಹೆಣ್ಣುಕೂಸನ್ನು ನೋಡಿಕೊಳ್ಳುವವಳು ಅಜ್ಜಿ. ತನ್ನ ಮಗಳು ಪಟ್ಟಣದ ಮಕ್ಕಳಿಗಿಂತ ಹಿಂದೆ ಬೀಳಬಾರದೆಂದು ತಂದೆಯು ಕಂತಿನ ಮೇಲೆ ಒಂದು ಟ್ಯಾಬನ್ನು ಕೊಂಡುತಂದನು. ಕಳೆದ ಕ್ರಿಸ್‌ಮಸ್ ಕೂಟದಲ್ಲಿ ಆ ಕೂಸು ಇಂಗ್ಲಿಷ್ ಅಕ್ಷರಗಳನ್ನೂ ಬಣ್ಣಗಳ ಹೆಸರುಗಳನ್ನೂ ತಡವರಿಸದೆ ಹೇಳಿತು. ನಾವು ಅದನ್ನು ಮೇಜಿನ ಮೇಲೆ ನಿಲ್ಲಿಸಿ, ಸಭೆಯ ಮುಂದೆ ಹೊಗಳಿ, ಎಲ್ಲರೂ ಚಪ್ಪಾಳೆ ತಟ್ಟುವಂತೆ ಮಾಡಿದೆವು. ಅದರ ಫಲವೇನೆಂದರೆ, ಎರಡು ತಿಂಗಳೊಳಗೆ ಅದೇ ಸಭೆಯ ಇನ್ನು ಮೂರು ಮನೆಗಳವರು ಸಾಲಮಾಡಿ ಟ್ಯಾಬುಗಳನ್ನು ಕೊಂಡರು. ಅವರಲ್ಲಿ ಒಬ್ಬ ವಿಧವೆಯು ತನ್ನ ಕಿವಿಯ ಓಲೆಗಳನ್ನು ಒತ್ತೆಯಿಟ್ಟಳೆಂದು ತರುವಾಯ ನಮಗೆ ತಿಳಿಯಿತು. ಕೊಳ್ಳಿರಿ ಎಂದು ನಾವು ಯಾರಿಗೂ ಹೇಳಿರಲಿಲ್ಲ. ಆದರೆ ಸಭೆಯ ಮುಂದೆ ನಿಂತು ಹೊಗಳುವವನ ಮಾತು ಬಡವರ ಮನೆಯಲ್ಲಿ ಆಜ್ಞೆಯಾಗಿ ಪರಿಣಮಿಸುವದೆಂಬದನ್ನು ಮರೆತಿದ್ದೆವು.

ಕೆಲವು ದಿನಗಳ ಮೇಲೆ ನಾವು ಆ ಮನೆಗೆ ಪ್ರಾರ್ಥನೆಗಾಗಿ ಹೋದಾಗ ಕೂಸು ಗೋಡೆಗೆ ಒರಗಿ ಹಲಗೆಯನ್ನು ನೋಡುತ್ತಿತ್ತು. ಅಜ್ಜಿಯು ಒಲೆಯ ಬಳಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹಿಂದೆ ಆ ಮನೆಗೆ ಹೋದಾಗಲೆಲ್ಲಾ ಆಕೆಯ ಮಾತೂ ಕೂಸಿನ ಮಾತೂ ಓಣಿಯ ತನಕ ಕೇಳಿಸುತ್ತಿದ್ದದರಿಂದ, "ಅಮ್ಮಾ, ಮೈಯಲ್ಲಿ ಕ್ಷೇಮವಿಲ್ಲವೋ?" ಎಂದು ಕೇಳಿದೆವು. ಆಕೆಯು, "ಅಯ್ಯನವರೇ, ನನಗೆ ಅಕ್ಷರ ಬಾರದು. ಈ ಹಲಗೆಗೆ ಎಲ್ಲಾ ಬರುತ್ತದೆ. ನಡುವೆ ನಾನು ಮಾತಾಡಿದರೆ ಕೂಸಿನ ಓದು ಕೆಟ್ಟೀತೆಂದು ಸುಮ್ಮನೆ ಕೂತಿದ್ದೇನೆ" ಅಂದಳು. ಆ ಮಾತು ನಮ್ಮನ್ನು ಚುಚ್ಚಿತು. ಯಾಕಂದರೆ ಆ ಮುದುಕಿಯ ಬಾಯನ್ನು ಮುಚ್ಚಿಸಿದವರಲ್ಲಿ ನಾವೂ ಒಬ್ಬರಾಗಿದ್ದೆವು.

ಆಗ ಕೂಸು ಹಲಗೆಯಲ್ಲಿ ಮಾವಿನಹಣ್ಣುಗಳನ್ನು ಮುಟ್ಟಿ ಮುಟ್ಟಿ ಹತ್ತರ ತನಕ ಎಣಿಸಿತು. ಹಲಗೆಯು ಸಂಗೀತ ಬಾರಿಸಿ ನಕ್ಷತ್ರಗಳನ್ನು ಸುರಿಸಿತು. ನಾವು ಮನೆಯಲ್ಲಿದ್ದ ಹುಣಸೆಯ ಬೀಜಗಳನ್ನು ಅದರ ಮುಂದೆ ಹರಡಿ, "ಮೂರು ಬೀಜ ಕೊಡು" ಎಂದೆವು. ಕೂಸು ಒಂದು ಹಿಡಿ ತುಂಬ ಎತ್ತಿ ಕೊಟ್ಟಿತು. ಮತ್ತೊಮ್ಮೆ ಕೇಳಿದೆವು, ಮತ್ತೊಂದು ಹಿಡಿ ಕೊಟ್ಟಿತು. ಆಗ ಅಜ್ಜಿಯು ತಡೆಯಲಾರದೆ ಹತ್ತಿರ ಬಂದು, "ನಿನಗೊಂದು, ನನಗೊಂದು, ಅವ್ವನಿಗೊಂದು. ಎಷ್ಟಾಯಿತು?" ಅಂದಳು. ಕೂಸು ಮೂರು ಬೀಜಗಳನ್ನು ಬೇರೆ ಬೇರೆಯಾಗಿ ಇಟ್ಟು, ತಾಯಿಯ ಪಾಲಿನ ಬೀಜವನ್ನು ಅವಳ ಸೀರೆಯ ಗಂಟಿನ ಮೇಲೆ ಇಟ್ಟು ಬಂತು. ಇಲ್ಲಿ ಕಲಿಸಿದವರು ಯಾರು?

ಇದರಲ್ಲಿ ಹಲಗೆಯ ಮೇಲೆ ಮಾತ್ರವೇ ದೋಷವನ್ನು ಹೊರಿಸುವದು ನ್ಯಾಯವಲ್ಲ. ಅಂಕಿಗಳ ಹೆಸರುಗಳನ್ನು ಸಾಲಾಗಿ ಹೇಳುವದು ಬೇರೆ, ಎಷ್ಟು ಎಂಬದನ್ನು ಅರಿಯುವದು ಬೇರೆ. ಮೂರು ನಾಲ್ಕು ವರುಷದ ಅನೇಕ ಮಕ್ಕಳು ಮೊದಲನೆಯದನ್ನು ಬಲ್ಲವರಾಗಿದ್ದರೂ ಎರಡನೆಯದನ್ನು ಇನ್ನೂ ಅರಿಯದೆ ಇರುವರು. ಬೆತ್ತ ಹಿಡಿದ ಮನುಷ್ಯನು ಬಾಯಿಪಾಠ ಮಾಡಿಸಿದರೂ ಹಾಗೆಯೇ ಆಗುವದು. ನಾವು ಹೇಳುವದು ಇಷ್ಟೇ: ಆ ಮನೆಯಲ್ಲಿ ಎಣಿಕೆಯನ್ನು ಅರ್ಥಪಡಿಸಬಲ್ಲವಳು ಒಬ್ಬಳಿದ್ದಳು, ಆಕೆಯನ್ನು ನಾವು ನಿರಕ್ಷರಿ ಎಂದು ಮೂಲೆಗೆ ಕೂಡ್ರಿಸಿದ್ದೆವು.

ಹಾಗಾದರೆ ಯಂತ್ರವೆಲ್ಲಾ ಕೆಟ್ಟದ್ದೆಂದು ತಳ್ಳಿಬಿಡೋಣವೋ? ನಮ್ಮ ಪೂರ್ವಿಕರು ಹಾಗೆ ಮಾಡಲಿಲ್ಲ. ಬಾಸೆಲ್ ಮಿಶನಿನ ಬೋಧಕರು ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ಕೆಲಸವನ್ನು ಆರಂಭಿಸಿದರು. ೧೮೪೧ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಕನ್ನಡದ ಪುಸ್ತಕಗಳನ್ನು ಬಡವರ ಕೈಗೆ ಮುಟ್ಟಿಸಿದರು. ಅದಕ್ಕೂ ಹಿಂದೆ, ಮೊರಾವ್ಯದ ಸಹೋದರರ ಸಭೆಯ ಬಿಷಪರಾಗಿದ್ದ ಕೊಮೇನಿಯಸ್ ಎಂಬವರು ೧೬೫೮ರಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನು ಪ್ರಕಟಿಸಿದರು. ವಸ್ತುವಿನ ಚಿತ್ರವನ್ನೂ ಅದರ ಹೆಸರನ್ನೂ ಜೊತೆಯಾಗಿ ತೋರಿಸಿ ಕಲಿಸುವ ಈ ಉಪಾಯದ ಮೇಲೆಯೇ ಇಂದಿನ ಟ್ಯಾಬಿನ ಆಟಗಳೂ ನಿಂತಿವೆ. ಆದರೆ ಅದೇ ಕೊಮೇನಿಯಸರು ಮಗುವಿನ ಮೊದಲ ಆರು ವರುಷಗಳ ಶಾಲೆಯು ತಾಯಿಯ ಮಡಿಲೆಂದು ಉಪದೇಶಿಸಿದರು. ಚಿತ್ರವನ್ನು ಕೊಟ್ಟವರು ಮಡಿಲನ್ನು ಬಿಡಿಸಲಿಲ್ಲ. ನಮ್ಮ ಬೋಧಕರು ಧಾರವಾಡಕ್ಕೆ ಬಂದ ಅದೇ ೧೮೩೭ರಲ್ಲಿ ಜರ್ಮನಿಯ ಫ್ರೋಬೆಲ್ ಎಂಬವರು ಎಳೆಯ ಮಕ್ಕಳಿಗಾಗಿ ಒಂದು ಆಲಯವನ್ನು ತೆರೆದು, ತರುವಾಯ ಅದನ್ನು ಮಕ್ಕಳ ತೋಟವೆಂದು ಕರೆದರು. ಅವರು ಮಕ್ಕಳ ಕೈಗೆ ಚೆಂಡನ್ನೂ ಮರದ ತುಂಡುಗಳನ್ನೂ ಕೊಟ್ಟರು. ಅವನ್ನು ಹಿಡಿಯಬಹುದು, ಉರುಳಿಸಬಹುದು, ಒಂದರ ಮೇಲೊಂದು ಕಟ್ಟಬಹುದು. ಬಿದ್ದರೆ ಮತ್ತೆ ಕಟ್ಟಬಹುದು. ಹೀಗೆ ಆಟದಿಂದ ಕಲಿಸುವದು ಹೊಸ ಮಾತಲ್ಲ, ಕೆಟ್ಟ ಮಾತೂ ಅಲ್ಲ.

ಟ್ಯಾಬಿನಿಂದ ಒಳ್ಳೆಯದಾದ ಸಂಗತಿಯನ್ನೂ ಹೇಳಬೇಕು. ಆಫ್ರಿಕದ ಟಾಂಜಾನಿಯ ದೇಶದಲ್ಲಿ ಸುಮಾರು ೧೭೦ ಹಳ್ಳಿಗಳ ಮಕ್ಕಳಿಗೆ ಟ್ಯಾಬುಗಳನ್ನು ಕೊಟ್ಟು, ಅವರ ಸ್ವಾಹಿಲಿ ಭಾಷೆಯಲ್ಲಿಯೇ ಕಲಿಸುವ ಪರೀಕ್ಷೆಯೊಂದು ನಡೆದು, ೨೦೧೯ರಲ್ಲಿ ಅದರ ಫಲವು ಪ್ರಕಟವಾಯಿತು. ಆ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯನ್ನೇ ಕಂಡವರಲ್ಲ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಒಂದು ಶಬ್ದವನ್ನೂ ಓದಲು ಬರುತ್ತಿರಲಿಲ್ಲ. ೧೫ ತಿಂಗಳ ತರುವಾಯ ಅಂಥವರ ಸಂಖ್ಯೆಯು ಅರ್ಧಕ್ಕೆ ಇಳಿಯಿತು. ಇದನ್ನು ಕೇಳಿ ನಾವು ದೇವರನ್ನು ಸ್ತುತಿಸತಕ್ಕದ್ದು. ಆದರೆ ಅವರು ಏಳರಿಂದ ಹನ್ನೊಂದು ವರುಷದವರು, ಕೂಸುಗಳಲ್ಲ. ಮತ್ತು ಕಲಿಸುವವರೇ ಇಲ್ಲದ ಸ್ಥಳದಲ್ಲಿ ಆ ಹಲಗೆ ಸಹಾಯಕ್ಕೆ ಬಂತು. ಬಾವಿಯಿಲ್ಲದ ಊರಿಗೆ ನೀರಿನ ಬಂಡಿ ಬಂದರೆ ಅದು ಕೃಪೆಯೇ ಸರಿ. ಬಾವಿಯಿರುವ ಮನೆಯವರು ಬಂಡಿಯನ್ನು ನಂಬಿ ಬಾವಿಯನ್ನು ಹೂಳಿಸಿಬಿಟ್ಟರೆ ಅದಕ್ಕೆ ಏನನ್ನೋಣ?

ಎಳೆಯ ಕೂಸುಗಳ ವಿಷಯದಲ್ಲಿ ಪಂಡಿತರು ಕಂಡುಕೊಂಡದ್ದು ಬೇರೆಯಾಗಿದೆ. ಅಮೇರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೆಟ್ರೀಷಿಯಾ ಕೂಲ್ ಎಂಬವರೂ ಅವರ ಜೊತೆಗಾರರೂ ೨೦೦೩ರಲ್ಲಿ ಪ್ರಕಟಿಸಿದ ಪರೀಕ್ಷೆ ಪ್ರಸಿದ್ಧವಾಗಿದೆ. ಒಂಬತ್ತು ತಿಂಗಳ ಕೂಸುಗಳ ಎದುರಿನಲ್ಲಿ ಚೀನಾ ಭಾಷೆಯವರು ಕೂತು ಹನ್ನೆರಡು ಸಾರಿ ಆಡಿ ಓದಿದಾಗ, ಕೂಸುಗಳು ಆ ಪರಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದೇ ಜನರ ಅದೇ ಮಾತುಗಳನ್ನು ಪರದೆಯ ಮೇಲೆ ತೋರಿಸಿದಾಗಲಾದರೋ ಏನೂ ಹಿಡಿಯಲಿಲ್ಲ. ಮಾತು ಒಂದೇ, ಮುಖ ಒಂದೇ. ಆದರೂ ಪರದೆಯೊಳಗಣ ಮುಖವು ಕೂಸನ್ನು ನೋಡಿ ನಗಲಿಲ್ಲ, ಕೂಸು ತಿರುಗಿದ ಕಡೆಗೆ ತಾನೂ ತಿರುಗಲಿಲ್ಲ. ನಾಲ್ಕು ವರುಷದ ಮಗು ಒಂಬತ್ತು ತಿಂಗಳ ಕೂಸಿಗಿಂತ ಹೆಚ್ಚು ಬಲ್ಲದು, ಹಲಗೆಯಿಂದ ಏನೂ ಕಲಿಯದೆಂದು ನಾವು ಹೇಳೆವು. ಆದರೂ ಜಗತ್ತಿನ ಆರೋಗ್ಯ ಸಂಸ್ಥೆಯು ೨೦೧೯ರ ಏಪ್ರಿಲಿನಲ್ಲಿ ಕೊಟ್ಟ ಸೂಚನೆಯನ್ನು ತಾಯಂದಿರು ಮನಸ್ಸಿನಲ್ಲಿಡತಕ್ಕದ್ದು: ಎರಡು ವರುಷ ತುಂಬುವ ತನಕ ಪರದೆಯೇ ಬೇಡ, ಎರಡರಿಂದ ನಾಲ್ಕರ ತನಕ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟು ಒಳ್ಳೆಯದು, ಕೂತಿರುವ ಹೊತ್ತಿನಲ್ಲಿ ದೊಡ್ಡವರು ಜೊತೆಯಲ್ಲಿ ಓದಿ ಕಥೆ ಹೇಳುವದು ಉತ್ತಮ.

ನಮ್ಮ ಕರ್ನಾಟಕದಲ್ಲಿಯೇ ಈ ವಿಷಯವು ದೊಡ್ಡ ವ್ಯಾಜ್ಯವಾದದ್ದನ್ನು ವಾಚಕರು ಮರೆತಿರಲಾರರು. ೨೦೨೦ರ ಮಾರ್ಚಿನಲ್ಲಿ ಕೋವಿಡ್ ರೋಗದ ನಿಮಿತ್ತ ಶಾಲೆಗಳೂ ಅಂಗನವಾಡಿಗಳೂ ಮುಚ್ಚಲ್ಪಟ್ಟವು. ಅನೇಕ ಶಾಲೆಗಳವರು ಕೂಸುಗಳಿಗೂ ಪರದೆಯ ಮೂಲಕ ಪಾಠವನ್ನು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಂಡಿತರು ಆರು ವರುಷದೊಳಗಿನ ಮಕ್ಕಳಿಗೆ ಇದು ತಕ್ಕದ್ದಲ್ಲವೆಂದು ಅಭಿಪ್ರಾಯ ಕೊಟ್ಟರು. ಅದೇ ಜೂನಿನಲ್ಲಿ ಆಗಿನ ಶಿಕ್ಷಣಮಂತ್ರಿಗಳಾದ ಎಸ್. ಸುರೇಶ್ ಕುಮಾರರು ಶಿಶುವರ್ಗಗಳಿಂದ ಐದನೆಯ ತರಗತಿಯ ತನಕ ಅಂಥ ಪಾಠಗಳನ್ನು ನಿಲ್ಲಿಸಬೇಕೆಂದು ಪ್ರಕಟಿಸಿದರು. ಕೆಲವರು ನ್ಯಾಯಸ್ಥಾನಕ್ಕೆ ಹೋದರು. ಜುಲೈ ೮ರಂದು ಹೈಕೋರ್ಟು, ಮಕ್ಕಳ ಕಲಿಯುವ ಹಕ್ಕಿಗೆ ಧಕ್ಕೆಯಾಗುವದೆಂದು, ಸರಕಾರದ ಆಜ್ಞೆಗಳನ್ನು ತಡೆಹಿಡಿಯಿತು. ಒಂದು ಕಡೆಯವರು ಎಳೆಯ ಕಣ್ಣುಗಳನ್ನೂ ಮನಸ್ಸನ್ನೂ ಕಾಯಬೇಕೆಂದರು. ಇನ್ನೊಂದು ಕಡೆಯವರು ಕಲಿಯುವ ಹಕ್ಕನ್ನು ಕಾಯಬೇಕೆಂದರು. ಎರಡೂ ಮಾತುಗಳಲ್ಲಿ ಸತ್ಯವುಂಟು. ಅದೇ ಜುಲೈಯಲ್ಲಿ ಕೇಂದ್ರ ಸರಕಾರದವರು ಹೊರಡಿಸಿದ ಪ್ರಜ್ಞಾತಾ ಎಂಬ ಸೂಚನೆಗಳಲ್ಲಿ ಒಂದು ಮಾತು ನಮಗೆ ಬಹಳ ಯೋಗ್ಯವಾಗಿ ತೋರಿತು: ಶಾಲೆಯ ವಯಸ್ಸು ಬಾರದ ಮಕ್ಕಳ ವಿಷಯದಲ್ಲಿ ಪರದೆಯ ಹೊತ್ತು ಮೂವತ್ತು ನಿಮಿಷ ಮೀರಬಾರದು, ಮತ್ತು ಅದು ತಂದೆತಾಯಿಗಳೊಡನೆ ಮಾತಾಡಿ ಅವರಿಗೆ ದಾರಿ ತೋರಿಸುವದಕ್ಕಾಗಿ ಇರಬೇಕು. ಮಗುವಿನ ಪಾಠವು ಹಿರಿಯರ ಮೂಲಕವೇ ಹೋಗಬೇಕೆಂಬದು ಇದರ ಅಭಿಪ್ರಾಯ.

ಈಗ ದೇವರ ವಾಕ್ಯದ ಬೆಳಕಿಗೆ ಬರೋಣ. ಧರ್ಮೋಪದೇಶಕಾಂಡದ ೬ನೇ ಅಧ್ಯಾಯದಲ್ಲಿ ಮೋಶೆಯು ಇಸ್ರಾಯೇಲ್ಯರಿಗೆ, ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸುವ ರೀತಿಯನ್ನು ತೋರಿಸಿಕೊಡುವಾಗ ಶಾಲೆಯನ್ನು ಹೆಸರಿಸದೆ, ಮನೆಯಲ್ಲಿ ಕೂತಿರುವದು, ದಾರಿಯಲ್ಲಿ ನಡೆಯುವದು, ಮಲಗುವದು, ಏಳುವದು ಎಂಬ ದಿನದ ಹೊತ್ತುಗಳನ್ನು ಹೆಸರಿಸುತ್ತಾನೆ. ಆ ಹೊತ್ತುಗಳಲ್ಲಿ ತಂದೆತಾಯಿಯೂ ಮಗುವೂ ಒಟ್ಟಿಗಿರುವರು. ಒಟ್ಟಿಗಿರುವದೇ ಆ ಪಾಠದ ಅರ್ಧ. ಮಾರ್ಕನ ಸುವಾರ್ತೆಯ ೧೦ನೇ ಅಧ್ಯಾಯದಲ್ಲಿ ನಮ್ಮ ಕರ್ತನು ತನ್ನ ಬಳಿಗೆ ತಂದ ಕೂಸುಗಳಿಗೆ ಏನು ಮಾಡಿದನೆಂಬದನ್ನು ನೋಡಿರಿ. ಆತನು ಆ ಹೊತ್ತಿನಲ್ಲಿ ಅವುಗಳಿಗೆ ಪಾಠವನ್ನು ಹೇಳಿದನೆಂದು ಬರೆದಿಲ್ಲ. ಅಪ್ಪಿಕೊಂಡನು, ಕೈಯಿಟ್ಟನು, ಆಶೀರ್ವದಿಸಿದನು. ದೊಡ್ಡ ಕೆಲಸಗಳಿವೆ, ಹೊತ್ತಿಲ್ಲ ಎಂದು ಕೂಸುಗಳನ್ನು ತಡೆದವರು ಶಿಷ್ಯರು. ಕರ್ತನು ಅವರ ಮೇಲೆಯೇ ಕೋಪಗೊಂಡನು.

ಯೋಹಾನನ ಸುವಾರ್ತೆಯಲ್ಲಿ ಒಳ್ಳೇ ಕುರುಬನಿಗೂ ಕೂಲಿಯಾಳಿಗೂ ಇರುವ ಭೇದವನ್ನು ಕರ್ತನು ತೋರಿಸಿದ್ದಾನೆ. ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವನು, ಅವನ್ನು ಅರಿತಿರುವನು. ಸತ್ತೂರಿನ ಆ ಹಲಗೆಯೂ ಕೂಸನ್ನು ಹೆಸರು ಹಿಡಿದು ಕರೆಯುತ್ತಿತ್ತು. ಕೊಂಡ ದಿನ ತಂದೆಯು ಆ ಹೆಸರನ್ನು ಅದರಲ್ಲಿ ಬರೆದಿದ್ದನು. ಹೆಸರು ಅದಕ್ಕೆ ಗೊತ್ತಿತ್ತು. ಆದರೆ ಕೂಸಿಗೆ ಹಸಿವಾಯಿತೆಂದು, ಜ್ವರ ಬಂತೆಂದು, ತಾಯಿಯನ್ನು ನೆನೆದು ಅಳುತ್ತಿದೆಯೆಂದು ಅದಕ್ಕೆ ಗೊತ್ತಾಗದು. ಕೂಸು ಅಳುತ್ತಾ ಗುಂಡಿಯನ್ನು ಒತ್ತಿದರೂ ಅದೇ ನಗುವಿನ ಧ್ವನಿಯಿಂದ ಭಲೇ ಎನ್ನುವದು. ಕೂಲಿಯಾಳು ಕೆಟ್ಟವನಲ್ಲ. ಹಗಲು ಹೊತ್ತಿನಲ್ಲಿ, ಯಜಮಾನನ ಕಣ್ಣೆದುರಿನಲ್ಲಿ, ಅವನಿಂದ ಬೇಕಾದಷ್ಟು ಕೆಲಸವನ್ನು ತೆಗೆದುಕೊಳ್ಳಬಹುದು. ಆದರೆ ಹಿಂಡನ್ನು ಅವನಿಗೆ ಒಪ್ಪಿಸಿ ಕುರುಬನು ಮನೆಗೆ ಹೋಗಬಾರದು.

ಇನ್ನೊಂದು ಮಾತುಂಟು. ಕೂಸಿನ ಹೃದಯವು ಅಕ್ಷರಗಳ ಜೊತೆಯಲ್ಲಿ ಬೇರೆ ಪಾಠಗಳನ್ನೂ ಗುಟ್ಟಾಗಿ ಕಲಿಯುತ್ತಿರುವದು. ಇಂಥ ಆಟಗಳಲ್ಲಿ ಹಲವು, ಉತ್ತರವನ್ನು ಅರಿಯದೆ ಒಂದಾದ ಮೇಲೊಂದನ್ನು ಒತ್ತುತ್ತಾ ಹೋದರೂ ಕಡೆಗೆ ನಕ್ಷತ್ರವನ್ನು ಕೊಡುವವು. ಕಾಯುವದು ಬೇಡ, ಸೋಲಿನ ನೋವು ಇಲ್ಲ, ಇನ್ನೊಬ್ಬರ ಸರದಿಗಾಗಿ ಬಿಟ್ಟುಕೊಡುವದೂ ಇಲ್ಲ. ಓಣಿಯಲ್ಲಿ ಐದು ಮಕ್ಕಳು ಕಲ್ಲಾಡುವಾಗಲಾದರೋ ಜಗಳ ಬರುವದು, ಅಳು ಬರುವದು, ಕ್ಷಮೆ ಕೇಳಬೇಕಾಗುವದು. ಆ ಕ್ಷಮೆಯ ಪಾಠವನ್ನು ನಾಲ್ಕನೆಯ ವರುಷದಲ್ಲಿ ಕಲಿಯದವನು ನಾಲ್ವತ್ತನೆಯ ವರುಷದಲ್ಲಿ ಸಭೆಯ ಹಿರಿಯನಾದಾಗ ಕಲಿಯುವನೋ? ಬೆಲೆಯಿಲ್ಲದೆ ದೊರಕುವ ಆಟಗಳ ವಿಷಯದಲ್ಲಿಯೂ ಜಾಗರೂಕತೆ ಬೇಕು. ಅವುಗಳಲ್ಲಿ ಅನೇಕವು ನಡುನಡುವೆ ಜಾಹೀರಾತುಗಳನ್ನು ತೋರಿಸಿ, ಕೂಸಿನ ಕಣ್ಣುಗಳನ್ನೇ ಮಾರಿ ಲಾಭ ಪಡೆಯುವವು.

ಇಲ್ಲಿ ಒಬ್ಬ ತಾಯಿಯು ನಮ್ಮನ್ನು ತಡೆದು ಹೀಗೆ ಕೇಳಬಹುದು: "ನಾಲ್ಕು ಮನೆಗಳ ಪಾತ್ರೆ ತೊಳೆದು ಬಂದು, ಒಲೆ ಹೊತ್ತಿಸುವಾಗ ಕೂಸು ಕಾಲಿಗೆ ಸುತ್ತಿಕೊಂಡರೆ ನಾನೇನು ಮಾಡಲಿ? ನಿಮ್ಮ ಉಪದೇಶವು ಅನ್ನ ಬೇಯಿಸುವದೋ?" ಈ ಪ್ರಶ್ನೆ ನ್ಯಾಯವಾದದ್ದು. ದಣಿದ ತಾಯಿಯು ಅರ್ಧ ತಾಸು ಹಲಗೆಯನ್ನು ಕೊಟ್ಟರೆ ಅದನ್ನು ಪಾಪವೆಂದು ನಾವು ಎಣಿಸುವದಿಲ್ಲ. ಹೊರಲಾರದ ಹೊರೆಗಳನ್ನು ಜನರ ಮೇಲೆ ಹೊರಿಸಿ ತಾವು ಬೆರಳಿನಿಂದಲೂ ಮುಟ್ಟದವರನ್ನು ಕರ್ತನು ಎಷ್ಟು ಕಠಿಣವಾಗಿ ಗದರಿಸಿದನೆಂಬದನ್ನು ನಾವು ಮರೆತಿಲ್ಲ. ಆದ ಕಾರಣ ಈ ಕರ್ತವ್ಯವನ್ನು ತಾಯಿಯೊಬ್ಬಳ ಹೆಗಲಿಗೆ ಹಾಕದೆ ಸಭೆಯ ಹೆಗಲಿಗೆ ಹಾಕುತ್ತೇವೆ. ಕೂಸಿಗೆ ದೀಕ್ಷಾಸ್ನಾನವಾಗುವಾಗ ಅದನ್ನು ಕರ್ತನಲ್ಲಿ ಬೆಳೆಸುವೆವೆಂದು ಸಭೆಯೆಲ್ಲಾ ಒಪ್ಪಿಕೊಳ್ಳುತ್ತದಲ್ಲವೇ? ಆ ಒಪ್ಪಿಗೆ ಗುಡಿಯ ಬಾಗಲಲ್ಲಿ ಮುಗಿಯತಕ್ಕದ್ದೋ?

ಹೀಗಿರಲಾಗಿ ನಮಗೆ ತೋಚಿದ ಕೆಲವು ಮಾತುಗಳನ್ನು ಹೇಳುತ್ತೇವೆ. ಟ್ಯಾಬ್ ಇಲ್ಲದ ಮನೆಯವರು ಶಾಲೆಯ ವಯಸ್ಸು ಬಾರದ ಕೂಸಿಗಾಗಿ ಸಾಲಮಾಡಿ ಅದನ್ನು ಕೊಳ್ಳಬೇಡಿರಿ. ಅದಿಲ್ಲದ್ದರಿಂದ ನಿಮ್ಮ ಕೂಸು ಹಿಂದೆ ಬೀಳದು. ಇದ್ದವರು ಅದನ್ನು ಒಡೆಯಬೇಕಾಗಿಲ್ಲ. ಹೊತ್ತನ್ನು ಗೊತ್ತುಮಾಡಿ, ದೊಡ್ಡವರೊಬ್ಬರು ಮಗ್ಗುಲಲ್ಲಿ ಕೂತು, ಕನ್ನಡದ ಒಳ್ಳೆಯ ಆಟವೊಂದನ್ನು ಆರಿಸಿ, ಪರದೆಯಲ್ಲಿ ಕಂಡದ್ದನ್ನು ಕೂಡಲೆ ಮನೆಯಲ್ಲಿ ಹುಡುಕಿಸಿರಿ. ಅಲ್ಲಿ ಎಮ್ಮೆ ಕಂಡರೆ ಹಿತ್ತಲಿನ ಎಮ್ಮೆಯ ಬಳಿಗೆ ಹೋಗಿರಿ. ಅಲ್ಲಿ ಐದು ಎಣಿಸಿದರೆ ಇಲ್ಲಿ ಐದು ರೊಟ್ಟಿ ಎಣಿಸಿರಿ. ಉಣ್ಣಿಸುವಾಗಲೂ ಮಲಗಿಸುವಾಗಲೂ ಅದು ಬೇಡ. ಕೂಸನ್ನು ಅಂಗನವಾಡಿಗೆ ತಪ್ಪದೆ ಕಳುಹಿಸಿರಿ. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ಊಟದ ಜೊತೆಗೆ ಮೂರರಿಂದ ಆರು ವರುಷದವರಿಗೆ ಆಟಪಾಠವೂ ಉಂಟು. ನಮ್ಮ ರಾಜ್ಯದಲ್ಲಿ ಅದಕ್ಕೆ ಚಿಲಿಪಿಲಿ ಎಂಬ ಪಾಠಕ್ರಮವೂ ಉಂಟು. ಅಲ್ಲಿ ಇತರ ಮಕ್ಕಳಿದ್ದಾರೆಂಬದೇ ದೊಡ್ಡ ಲಾಭ. ಮತ್ತು ಸಭೆಯಲ್ಲಿ ಕೆಲಸದಿಂದ ಬಿಡುವಾದ ಮುದುಕರೂ ಮುದುಕಿಯರೂ ಸಂಜೆಯ ಒಂದು ತಾಸು ಓಣಿಯ ಕೂಸುಗಳನ್ನು ಒಂದು ಜಗಲಿಯಲ್ಲಿ ಕೂಡ್ರಿಸಿಕೊಂಡು ಕಥೆ ಹೇಳಲಿ, ಕೀರ್ತನೆ ಕಲಿಸಲಿ. ದಣಿದ ತಾಯಿಗೆ ಆ ತಾಸು ದೊರಕಲಿ.

ಸಭಾಪಾಲಕರಿಗೂ ಉಪದೇಶಿಗಳಿಗೂ, ಮೊದಲಾಗಿ ನಮಗೇ, ಒಂದು ಮಾತು. ನಾವು ಯಾವದನ್ನು ಹೊಗಳುತ್ತೇವೋ ಅದನ್ನು ಬಡವರು ಕೊಳ್ಳುವರು. ಆ ವಿಧವೆಯ ಓಲೆಗಳ ಲೆಕ್ಕವು ನಮ್ಮ ಹೆಸರಿನಲ್ಲಿ ಬರೆದಿದೆ ಎಂದು ನಾವು ತಿಳಿದಿದ್ದೇವೆ.

ತಿಮೊಥೆಯನನ್ನು ನೆನಸಿರಿ. ಅವನ ನಂಬಿಕೆಯ ಬೇರನ್ನು ಹುಡುಕುತ್ತಾ ಹೋದ ಅಪೊಸ್ತಲನಾದ ಪೌಲನು ಯಾವ ಪಾಠಶಾಲೆಯಲ್ಲಿಯೂ ನಿಲ್ಲದೆ, ಅಜ್ಜಿಯಾದ ಲೋವಿಯ ಬಳಿಯಲ್ಲಿಯೂ ತಾಯಿಯಾದ ಯೂನಿಕೆಯ ಬಳಿಯಲ್ಲಿಯೂ ಹೋಗಿ ನಿಂತನು. ಸತ್ತೂರಿನ ಆ ಅಜ್ಜಿಯನ್ನು ಬರುವ ಕ್ರಿಸ್‌ಮಸ್ ಕೂಟದಲ್ಲಿ ಕೂಸಿನ ಮಗ್ಗುಲಲ್ಲಿ ಕೂಡ್ರಿಸಿ, ಆಕೆಯ ಬಾಯಿಂದ ಕುರಿ ಕಾಯುವವರ ಕಥೆಯನ್ನು ಸಭೆಯೆಲ್ಲಾ ಕೇಳಬೇಕೆಂದು ನಿಶ್ಚಯಿಸಿದ್ದೇವೆ. ಈ ಮಾತನ್ನು ತಿಳಿಸಿದಾಗ ಆಕೆಯು, "ನನಗೆ ಓದಲು ಬಾರದಲ್ಲಾ, ಅಯ್ಯನವರೇ" ಅಂದಳು. ಕೂಸು ನಡುವೆ ಬಾಯಿಹಾಕಿ, "ಅಜ್ಜಿಗೆ ಎಲ್ಲಾ ಬರುತ್ತದೆ" ಅಂದಿತು.

ಕೂಸುಗಳನ್ನು ಅಪ್ಪಿಕೊಂಡ ಕರ್ತನು ನಮ್ಮ ಮನೆಗಳ ಹಿರಿಯರಿಗೆ ಬಾಯನ್ನೂ, ನಮ್ಮ ತಾಯಂದಿರಿಗೆ ವಿಶ್ರಾಂತಿಯನ್ನೂ, ನಮಗೆಲ್ಲರಿಗೂ ವಿವೇಕವನ್ನೂ ದಯಪಾಲಿಸಲಿ.